ಹಳೇ ಕಾರಿನ ಹೀಟರ್ ಬಿಸಿ ಆಗ್ತಿಲ್ವಾ? ಮೊದಲು ರೇಡಿಯೇಟರ್ ನೀರು ನೋಡಿ

ಒಂದು ಜುಲೈನಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಜೋರು ಮಳೆ, ಕಾರಿನಲ್ಲಿ ಐದು ಜನ, ಎಲ್ಲರ ಬಟ್ಟೆಯೂ ಅರ್ಧ ಒದ್ದೆ. ಎದುರಿನ ಗಾಜು ಒಳಗಿನಿಂದ ಮಂಜು ಕಟ್ಟತೊಡಗಿತು. ಎಸಿ ಹಾಕಿದರೆ ಮಕ್ಕಳು ನಡುಗಿದರು. ಗುಂಡಿಯನ್ನು ಕೆಂಪು ಬಣ್ಣದ ಕಡೆಗೆ ಪೂರ್ತಿ ತಿರುಗಿಸಿದೆ, ಆಗಲೂ ಬಂದಿದ್ದು ತಣ್ಣನೆ ಗಾಳಿಯೇ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಅಮ್ಮ ಟವೆಲ್‌ನಿಂದ ಗಾಜು ಒರೆಸುತ್ತಾ, ನಾನು ಮುಂದಿನ ಲಾರಿಯ ಕೆಂಪು ದೀಪವನ್ನೇ ನೋಡುತ್ತಾ, ಹೇಗೋ ಕೆಳಗೆ ಬಂದೆವು.

ಅದು ಹದಿನಾಲ್ಕು ವರ್ಷದ ಕಾರು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಆಮೇಲೆ ಮೆಕ್ಯಾನಿಕ್ ಬಾನೆಟ್ ಎತ್ತಿ ತೋರಿಸಿದರು. ಹೀಟರ್‌ಗೆ ಹೋಗುವ ಎರಡು ರಬ್ಬರ್ ಪೈಪ್‌ಗಳನ್ನು ಯಾರೋ ಯಾವತ್ತೋ ಕಿತ್ತು, ಒಂದನ್ನು ಇನ್ನೊಂದಕ್ಕೆ ಸೇರಿಸಿ ಕ್ಲಿಪ್ ಹಾಕಿಬಿಟ್ಟಿದ್ದರು. ಗ್ಯಾರೇಜ್ ಭಾಷೆಯಲ್ಲಿ ಇದಕ್ಕೆ ಬೈಪಾಸ್ ಅಂತಾರೆ. ಬಯಲುಸೀಮೆಯಲ್ಲಿ ಓಡಿದ ಗಾಡಿ, ಹೀಟರ್ ಯಾರಿಗೆ ಬೇಕು ಅಂತ ಮಾಡಿರುತ್ತಾರೆ. ಮಳೆಗಾಲದಲ್ಲಿ ಮಲೆನಾಡಿಗೋ ಕೊಡಗಿಗೋ ಹೋದಾಗಲೇ ಅದರ ಬೆಲೆ ಗೊತ್ತಾಗುವುದು.

ಹಳೇ ಕಾರು ಇಟ್ಟುಕೊಂಡಿರುವವರಿಗೆ ಹೀಟರ್ ಹೇಗೆ ಕೆಲಸ ಮಾಡುತ್ತದೆ, ಯಾಕೆ ಕಟ್ಟಿಕೊಳ್ಳುತ್ತದೆ, ಹೇಗೆ ತೊಳೆಯಬೇಕು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಬಿಸಿ ಎಲ್ಲಿಂದ ಬರುತ್ತದೆ

ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಲ್ಲಿ? ಬಚ್ಚಲೊಲೆಯ ಮೇಲೆ. ಬೆಂಕಿ ಹಾಕಿದ್ದು ಸ್ನಾನದ ನೀರು ಕಾಯಿಸೋಕೆ. ಆದರೆ ಒಲೆಯ ಸುತ್ತ ಹೇಗೂ ಬಿಸಿ ಇರುತ್ತದಲ್ಲ, ಅದು ಸುಮ್ನೆ ಹೋಗುವ ಬದಲು ಬಟ್ಟೆ ಒಣಗಲಿ ಅಂತ ಮೇಲೆ ಗಳ ಕಟ್ಟಿ ಹರವುತ್ತಾರೆ.

ಕಾರಿನ ಹೀಟರ್ ಕೂಡ ಇದೇ. ಎಂಜಿನ್‌ನಲ್ಲಿ ಸುಡುವ ಪೆಟ್ರೋಲ್ ಅಥವಾ ಡೀಸೆಲ್‌ನ ಶಕ್ತಿಯಲ್ಲಿ ಸ್ವಲ್ಪ ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಹೆಚ್ಚಿನದು ಬಿಸಿಯಾಗಿ ಹೋಗುತ್ತದೆ, ಒಂದಿಷ್ಟು ಸೈಲೆನ್ಸರ್ ಹೊಗೆಯಲ್ಲಿ, ಒಂದಿಷ್ಟು ಎಂಜಿನ್ ಸುತ್ತ ಹರಿಯುವ ನೀರಿನಲ್ಲಿ. ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ ಈ ನೀರಿಗೆ ಕೂಲೆಂಟ್ ಅನ್ನುತ್ತೇವೆ. ಅದು ಬಿಸಿಯಾಗಿ ಮುಂದಿನ ರೇಡಿಯೇಟರ್‌ಗೆ ಹೋಗಿ, ಗಾಳಿಗೆ ತಣ್ಣಗಾಗಿ, ವಾಪಸ್ ಎಂಜಿನ್‌ಗೆ ಬರುತ್ತದೆ. ಇದನ್ನೆಲ್ಲ ಓಡಿಸುವುದು ವಾಟರ್ ಪಂಪ್.

ಈ ದಾರಿಯಲ್ಲಿ ಒಂದು ಸಣ್ಣ ಕವಲಿದೆ. ಎರಡು ರಬ್ಬರ್ ಪೈಪ್‌ಗಳು ಎಂಜಿನ್ ಹಿಂದಿನ ತಗಡಿನ ಗೋಡೆ ದಾಟಿ ಡ್ಯಾಶ್‌ಬೋರ್ಡ್ ಒಳಗೆ ಹೋಗುತ್ತವೆ. ಅಲ್ಲಿ ದಪ್ಪ ಪುಸ್ತಕದಷ್ಟು ಗಾತ್ರದ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಅದೇ ಹೀಟರ್ ಕೋರ್. ಒಂದು ಪೈಪ್‌ನಲ್ಲಿ ಬಿಸಿ ಕೂಲೆಂಟ್ ಒಳಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಬ್ಲೋವರ್ ಫ್ಯಾನ್ ಆ ಕೋರ್ ಮೇಲೆ ಗಾಳಿ ಊದುತ್ತದೆ. ಆ ಗಾಳಿಯೇ ನಿಮ್ಮ ಕಾಲಿಗೋ ಗಾಜಿಗೋ ಬರುವುದು.

ಇದರಲ್ಲಿ ಕರೆಂಟ್ ಖರ್ಚಾಗುವುದು ಫ್ಯಾನ್‌ಗೆ ಮಾತ್ರ. ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಮಾತು ಹಳೇ ಕಾರುಗಳ ಮಟ್ಟಿಗೆ ಸರಿಯಲ್ಲ, ಹೇಗೂ ಹೋಗುವ ಬಿಸಿಯನ್ನೇ ಅದು ಬಳಸುತ್ತದೆ. ಎಂಜಿನ್ ಅತಿಯಾಗಿ ಕಾಯುತ್ತಿದೆ, ಗಾಡಿ ನಿಲ್ಲಿಸಲು ತಕ್ಷಣ ಜಾಗ ಇಲ್ಲ ಅಂದಾಗ ಹಳೇ ಡ್ರೈವರ್‌ಗಳು ಎಸಿ ಆರಿಸಿ ಹೀಟರ್ ಪೂರ್ತಿ ಹಾಕಿ ಕಿಟಕಿ ಇಳಿಸುತ್ತಾರೆ. ಆ ಪುಟ್ಟ ಕೋರ್ ಎರಡನೇ ರೇಡಿಯೇಟರ್ ಥರ ಕೆಲಸ ಮಾಡಿ ಎಂಜಿನ್‌ನ ಬಿಸಿ ಸ್ವಲ್ಪ ಎಳೆದುಕೊಳ್ಳುತ್ತದೆ.

ಬಿಸಿ ಎಷ್ಟು ಬೇಕು ಅಂತ ಹೊಂದಿಸುವುದು ಎರಡು ರೀತಿ. ಕೆಲವು ಹಳೇ ಕಾರುಗಳಲ್ಲಿ ಪೈಪ್ ಮೇಲೆ ನಲ್ಲಿಯಂಥ ಒಂದು ವಾಲ್ವ್ ಇರುತ್ತದೆ, ನೀವು ಡ್ಯಾಶ್‌ಬೋರ್ಡ್‌ನಲ್ಲಿ ಎಳೆಯುವ ಲಿವರ್ ಒಂದು ಕೇಬಲ್ ಮೂಲಕ ಅದನ್ನು ತೆರೆಯುತ್ತದೆ, ಮುಚ್ಚುತ್ತದೆ. ಉಳಿದವುಗಳಲ್ಲಿ ಕೂಲೆಂಟ್ ಯಾವಾಗಲೂ ಹರಿಯುತ್ತಲೇ ಇರುತ್ತದೆ, ಗಾಳಿ ಕೋರ್ ಮೇಲೆ ಹೋಗಬೇಕೋ ಬೇಡವೋ ಅನ್ನುವುದನ್ನು ಒಳಗಿನ ಒಂದು ಸಣ್ಣ ಬಾಗಿಲು ನಿರ್ಧರಿಸುತ್ತದೆ.

ಮಳೆಗಾಲದಲ್ಲಿ ಯಾಕೆ ಬೇಕು

ಫ್ರಿಜ್‌ನಿಂದ ತೆಗೆದ ತಣ್ಣೀರನ್ನು ಸ್ಟೀಲ್ ಲೋಟಕ್ಕೆ ಹಾಕಿದರೆ ಲೋಟದ ಹೊರಗೆ ಹನಿ ಕಟ್ಟುತ್ತದೆ ಅಲ್ವಾ? ಲೋಟ ಸೋರಿದ್ದಲ್ಲ, ಗಾಳಿಯಲ್ಲಿದ್ದ ತೇವ ತಣ್ಣನೆಯ ಲೋಹಕ್ಕೆ ತಾಗಿ ನೀರಾಗಿದ್ದು. ಕಾರಿನ ಗಾಜಿಗೆ ಆಗುವುದೂ ಅದೇ. ನಮ್ಮ ಉಸಿರು, ಒದ್ದೆ ಬಟ್ಟೆ, ಒದ್ದೆ ಮ್ಯಾಟ್, ಎಲ್ಲದರ ತೇವ ತಣ್ಣನೆ ಗಾಜಿನ ಒಳಬದಿಯಲ್ಲಿ ಕೂರುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕುವುದು. ಕೇಳೋಕೆ ವಿಚಿತ್ರ ಅನ್ನಿಸಬಹುದು. ಎಸಿ ಗಾಳಿಯಲ್ಲಿನ ತೇವ ತೆಗೆಯುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿಯಾದ ಒಣ ಗಾಳಿ ಗಾಜಿನ ಮೇಲಿನ ತೇವವನ್ನು ಬೇಗ ಹೀರುತ್ತದೆ, ಒಳಗಿರುವವರಿಗೂ ಚಳಿ ಆಗುವುದಿಲ್ಲ. ಗಾಳಿ ಗಾಜಿನ ಕಡೆಗೆ ಬರುವಂತೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಸ್ವಿಚ್ ಹಾಕಿ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಐದು ಜನರ ಉಸಿರು ಅಲ್ಲೇ ಉಳಿಯುತ್ತದೆ.

ಬೋರ್‌ವೆಲ್ ನೀರು ಏನು ಮಾಡುತ್ತದೆ

ಹೀಟರ್ ಹಾಳಾಗುವುದಕ್ಕೆ ನಾನು ಕಂಡಂತೆ ಅತಿ ದೊಡ್ಡ ಕಾರಣ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಯಿತು ಅಂದರೆ ನಾವು ಏನು ಮಾಡುತ್ತೇವೆ? ಹತ್ತಿರದ ನಲ್ಲಿಯಿಂದ ಬಾಟಲಿ ತುಂಬಿ ಸುರಿಯುತ್ತೇವೆ. ಒಂದು ಸಲ ಸುರಿದರೆ ಏನೂ ಆಗದು. ಆದರೆ ವರ್ಷಗಟ್ಟಲೆ ಹೀಗೇ ಮಾಡಿದರೆ ಒಳಗಿರುವುದು ಕೂಲೆಂಟ್ ಅಲ್ಲ, ಬರೀ ಬೋರ್‌ವೆಲ್ ನೀರು. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿರುತ್ತೀರಿ, ಬಿಳೀ ಗಟ್ಟಿ ಪೊರೆ. ಸೋಲಾರ್ ಪೈಪ್, ಗೀಸರ್ ಕಾಯಿಲ್ ಎಲ್ಲದರ ಮೇಲೂ ಅದೇ ಕೂರುತ್ತದೆ. ಎಂಜಿನ್ ಒಳಗೆ ನೀರು ದಿನವೂ 90 ಡಿಗ್ರಿ ಆಸುಪಾಸು ಕಾಯುತ್ತದೆ. ಅಲ್ಲೂ ಈ ಸುಣ್ಣದ ಪೊರೆ ಕಟ್ಟದೇ ಇರುತ್ತದೆಯೇ?

ಜೊತೆಗೆ ತುಕ್ಕು. ಎಂಜಿನ್ ಬ್ಲಾಕ್ ಹಲವು ಕಾರುಗಳಲ್ಲಿ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂ, ಹೀಟರ್ ಕೋರ್ ತಾಮ್ರ ಹಿತ್ತಾಳೆಯದು ಅಥವಾ ಅಲ್ಯೂಮಿನಿಯಂನದು. ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ಇದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಇದನ್ನು ತಡೆಯುವ ರಾಸಾಯನಿಕಗಳು ಕೂಲೆಂಟ್‌ನಲ್ಲಿ ಇರುತ್ತವೆ, ಬರೀ ನೀರಿನಲ್ಲಿ ಇರುವುದಿಲ್ಲ. ತುಕ್ಕಿನ ಪುಡಿ, ಸುಣ್ಣದ ಚೂರು ಎರಡೂ ಸೇರಿ ಕೆಂಪು ಮಣ್ಣಿನ ರಾಡಿಯಂತೆ ಆಗುತ್ತದೆ. ಅದು ಎಲ್ಲಿ ಹೋಗಿ ಕೂರುತ್ತದೆ? ದಾರಿ ಎಲ್ಲಿ ಅತಿ ಸಣ್ಣದೋ ಅಲ್ಲಿ. ಹೀಟರ್ ಕೋರ್‌ನ ನಳಿಕೆಗಳು ತುಂಬ ಕಿರಿದು, ಮೇಲಾಗಿ ಹೀಟರ್ ಬಳಸದೆ ವಾಲ್ವ್ ಮುಚ್ಚಿದ್ದರೆ ಅಲ್ಲಿ ನೀರು ನಿಂತೇ ಇರುತ್ತದೆ. ಕೆರೆಯಲ್ಲಿ ಹೂಳು ಕೂತ ಹಾಗೆ ಕೂರುತ್ತದೆ.

ರೇಡಿಯೇಟರ್ ಸೋರಿದಾಗ ದಾರಿಯಲ್ಲಿ ಅರಿಶಿನ ಪುಡಿ ಹಾಕಿ ಮನೆ ಮುಟ್ಟಿದ ಕಥೆಗಳನ್ನು ಲಾರಿಯವರು ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಲೀಕ್ ಮುಚ್ಚುವ ಪುಡಿಗಳೂ ಅದೇ ಜಾತಿಯವು. ಕಷ್ಟಕಾಲಕ್ಕೆ ಸರಿ. ಆದರೆ ರೇಡಿಯೇಟರ್‌ನ ತೂತು ಮುಚ್ಚುವ ಪುಡಿಗೆ ಹೀಟರ್ ಕೋರ್‌ನ ನಳಿಕೆ ಯಾವುದು, ತೂತು ಯಾವುದು ಅಂತ ಗೊತ್ತಾಗುವುದಿಲ್ಲ. ಮನೆ ಮುಟ್ಟಿದ ಮೇಲೆ ರೇಡಿಯೇಟರ್ ರಿಪೇರಿ ಮಾಡಿಸಿ, ಎಲ್ಲವನ್ನೂ ತೊಳೆಸಿಬಿಡಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ಬಿಸಿ ಇದ್ದಾಗ ಯಾವ ಕಾರಣಕ್ಕೂ ತೆಗೆಯಬೇಡಿ, ಒತ್ತಡದಲ್ಲಿರುವ ಕುದಿ ನೀರು ಮುಖಕ್ಕೆ ಹಾರುತ್ತದೆ. ಹಸಿರು, ಕೆಂಪು, ಗುಲಾಬಿ, ನೀಲಿ, ಯಾವ ಬಣ್ಣವಾದರೂ ತಿಳಿಯಾಗಿದ್ದರೆ ಒಳ್ಳೆಯದು. ಕಾಫಿ ಕಷಾಯದ ಹಾಗೆ ಕಂದು, ಅಥವಾ ಬೆರಳಿಗೆ ರಾಡಿ ಹತ್ತಿದರೆ ತೊಳೆಯುವ ಕಾಲ ಬಂದಿದೆ. ಎಣ್ಣೆ ತೇಲುತ್ತಿದ್ದರೆ ಅದು ಹೀಟರ್‌ಗಿಂತ ದೊಡ್ಡ ಸಮಸ್ಯೆ, ನೇರ ಮೆಕ್ಯಾನಿಕ್ ಹತ್ತಿರ ಹೋಗಿ.

ಥರ್ಮೋಸ್ಟಾಟ್ ಕಿತ್ತು ಹಾಕುವ ಅಭ್ಯಾಸ

ಥರ್ಮೋಸ್ಟಾಟ್ ಅಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಕಾವಲುಗಾರ. ಒಳಗೆ ಮೇಣ ಇರುತ್ತದೆ. ತಣ್ಣಗಿದ್ದಾಗ ದಾರಿ ಮುಚ್ಚಿರುತ್ತದೆ. ಕೂಲೆಂಟ್ ಸುಮಾರು 82ರಿಂದ 88 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಹೀಗಾಗಿ ಎಂಜಿನ್ ಬೇಗ ಬಿಸಿಯಾಗುತ್ತದೆ, ಆಮೇಲೆ ಒಂದೇ ಮಟ್ಟದಲ್ಲಿ ಇರುತ್ತದೆ.

ನಮ್ಮಲ್ಲಿ ಎಷ್ಟೋ ಗ್ಯಾರೇಜ್‌ಗಳಲ್ಲಿ ಇದನ್ನು ತೆಗೆದು ಬಿಸಾಡುತ್ತಾರೆ. ಸೆಕೆ ಊರು, ಇದು ಯಾಕೆ, ಎಂಜಿನ್ ತಣ್ಣಗಿರಲಿ ಅನ್ನುವುದು ಅವರ ಲೆಕ್ಕ. ಆದರೆ ಎಂಜಿನ್ ತಣ್ಣಗೇ ಓಡಿದರೆ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಮೈಲೇಜ್ ಇಳಿಯುತ್ತದೆ, ಸವೆತವೂ ಜಾಸ್ತಿ. ಹೀಟರ್‌ಗೆ ಬರುವುದು ಉಗುರುಬೆಚ್ಚಗಿನ ನೀರು. ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ನನ್ನ ಕಾರಿನಲ್ಲಿ ಅದೂ ಇರಲಿಲ್ಲ. ಇಡೀ ಕಾರಿನ ಲೆಕ್ಕದಲ್ಲಿ ಇದು ಸಣ್ಣ ಬಿಡಿಭಾಗ, ದಯವಿಟ್ಟು ಹಾಕಿಸಿಕೊಳ್ಳಿ.

ಎರಡು ಪೈಪ್ ಮುಟ್ಟಿ ನೋಡಿ

ಗ್ಯಾರೇಜ್‌ಗೆ ಹೋಗುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆ ಇದು. ಎಂಜಿನ್ ಕಾಯುವವರೆಗೆ ಓಡಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬಾನೆಟ್ ಎತ್ತಿ. ಎಂಜಿನ್ ಹಿಂದಿನ ಗೋಡೆಯೊಳಗೆ ಹೋಗುವ ಎರಡು ರಬ್ಬರ್ ಪೈಪ್ ಹುಡುಕಿ, ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರ ಇಟ್ಟು, ಬಟ್ಟೆ ಹಿಡಿದು ಮೆಲ್ಲಗೆ ಮುಟ್ಟಿ.

ಎರಡೂ ಚೆನ್ನಾಗಿ ಬಿಸಿ ಇವೆ, ಆದರೂ ಒಳಗೆ ತಣ್ಣನೆ ಗಾಳಿ. ಹಾಗಾದರೆ ನೀರು ಸರಿಯಾಗಿಯೇ ಹರಿಯುತ್ತಿದೆ, ಒಳಗಿನ ಗಾಳಿಯ ಬಾಗಿಲು ಅಥವಾ ಅದರ ಕೇಬಲ್ ಕೈಕೊಟ್ಟಿದೆ.

ಒಂದು ಬಿಸಿ, ಇನ್ನೊಂದು ತಣ್ಣಗಿದೆ. ಕೋರ್ ಕಟ್ಟಿಕೊಂಡಿದೆ, ಅಥವಾ ವಾಲ್ವ್ ತೆರೆಯುತ್ತಿಲ್ಲ. ವಾಲ್ವ್ ಇರುವ ಕಾರಾದರೆ ಇನ್ನೊಬ್ಬರಿಗೆ ಲಿವರ್ ಎಳೆಯಲು ಹೇಳಿ, ಅದು ಅಲುಗುತ್ತದೆಯೇ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಹಿಡಿದುಕೊಂಡಿರುತ್ತದೆ. ಲಿವರ್ ಬಲವಂತವಾಗಿ ಎಳೆಯಬೇಡಿ, ಕೇಬಲ್ ಕಿತ್ತು ಬರುತ್ತದೆ. ಇದಕ್ಕೇ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಹೀಟರ್ ಹಾಕಿ ಅನ್ನುವುದು. ವಾಲ್ವ್ ಅಲುಗುತ್ತಿರುತ್ತದೆ, ಕೋರ್‌ನಲ್ಲಿ ನೀರು ನಿಲ್ಲುವುದಿಲ್ಲ.

ಎರಡೂ ತಣ್ಣಗಿವೆ. ಕೂಲೆಂಟ್ ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ ಸಮಸ್ಯೆ ಇರಬಹುದು, ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಒಂದು ನಲ್ಲಿಯಲ್ಲಿ ಮಾತ್ರ ನೀರು ಬರದೆ ಬುಸುಗುಡುತ್ತದಲ್ಲ, ಅದೇ ಏರ್ ಲಾಕ್ ಇಲ್ಲೂ ಆಗುತ್ತದೆ. ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು ಬಂದರೆ ಬಹುತೇಕ ಇದೇ.

ತೊಳೆಯುವ ಕ್ರಮ

ಕೋರ್ ಬಿಚ್ಚಿ ತೆಗೆಯಲು ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಇಳಿಸಬೇಕು, ದೊಡ್ಡ ಕೆಲಸ. ಅದರ ಮೊದಲು ಉಲ್ಟಾ ತೊಳೆಯುವುದನ್ನು ಪ್ರಯತ್ನಿಸಿ. ಕೈಕೆಲಸದ ಅಭ್ಯಾಸ ಇದ್ದವರು ಮನೆಯಲ್ಲೇ ಮಾಡಬಹುದು, ಇಲ್ಲದವರು ಮೆಕ್ಯಾನಿಕ್‌ಗೆ ಹೀಗೇ ಮಾಡಿ ಅಂತ ಹೇಳಬಹುದು.

ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿ. ಹೀಟರ್ ಲಿವರ್ ಬಿಸಿ ಕಡೆ ಇರಲಿ, ಆಗ ವಾಲ್ವ್ ತೆರೆದಿರುತ್ತದೆ. ಎರಡು ಪೈಪ್‌ಗಳಲ್ಲಿ ಯಾವುದು ಎಲ್ಲಿ ಅಂತ ಫೋಟೋ ತೆಗೆದುಕೊಳ್ಳಿ, ಆಮೇಲೆ ಕ್ಲಿಪ್ ಸಡಿಲಿಸಿ ಬಿಚ್ಚಿ. ಹಳೇ ರಬ್ಬರ್ ಅಂಟಿಕೊಂಡಿರುತ್ತದೆ. ಎಳೆದಾಡಬೇಡಿ, ಕೋರ್‌ನ ಮೂತಿ ತೆಳು, ಮುರಿದರೆ ಡ್ಯಾಶ್‌ಬೋರ್ಡ್ ಇಳಿಸುವುದು ತಪ್ಪದು. ಪೈಪನ್ನೇ ಬ್ಲೇಡ್‌ನಿಂದ ಉದ್ದಕ್ಕೆ ಸೀಳಿ ತೆಗೆದು ಹೊಸದು ಹಾಕುವುದು ಮೇಲು. ಹತ್ತು ವರ್ಷ ದಾಟಿದ ಪೈಪ್ ಹೇಗೂ ಬದಲಾಯಿಸಬೇಕಾದದ್ದೇ.

ಈಗ ಗಿಡಕ್ಕೆ ನೀರು ಬಿಡುವ ಪೈಪ್ ತಗೊಂಡು, ಕೂಲೆಂಟ್ ಹೊರಗೆ ಬರುವ ಮೂತಿಗೆ ಹಿಡಿದು ಮೆಲ್ಲಗೆ ನೀರು ಬಿಡಿ. ಅಂದರೆ ದಿನವೂ ಹರಿಯುವ ದಿಕ್ಕಿಗೆ ವಿರುದ್ಧ. ಕೂತ ಕಸ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮೊದಲು ಇಟ್ಟಿಗೆ ಬಣ್ಣದ ನೀರು ಬರುತ್ತದೆ. ಆಮೇಲೆ ದಿಕ್ಕು ಬದಲಿಸಿ, ಮತ್ತೆ ಉಲ್ಟಾ, ಹೀಗೆ ತಿಳಿ ನೀರು ಬರುವವರೆಗೆ. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಬೇಡವೇ ಬೇಡ, ಕೋರ್ ಒಡೆಯುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಕೂಡ ಬೇಡ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಜಾಸ್ತಿ ಕಟ್ಟಿದ್ದರೆ ರೇಡಿಯೇಟರ್ ಫ್ಲಶ್ ಅಂತಲೇ ಸಿಗುವ ದ್ರಾವಣ ತಂದು ಡಬ್ಬಿಯ ಮೇಲೆ ಬರೆದಿರುವ ಹಾಗೆ ಬಳಸಿ.

ಒಂದು ಮಾತು ಮೊದಲೇ ಹೇಳಬೇಕು. ಕೋರ್ ಒಳಗಿಂದ ತೀರಾ ಸವೆದಿದ್ದರೆ, ಆ ತುಕ್ಕೇ ತೂತನ್ನು ಮುಚ್ಚಿಕೊಂಡಿರುತ್ತದೆ. ತೊಳೆದ ಮೇಲೆ ಸೋರಲು ಶುರುವಾಗಬಹುದು. ತೊಳೆದದ್ದರಿಂದ ಕೆಟ್ಟಿತು ಅಂತಲ್ಲ, ಇವತ್ತಲ್ಲ ನಾಳೆ ಸೋರುತ್ತಿತ್ತು.

ಕೋರ್ ಒಂದನ್ನೇ ತೊಳೆದು ಎಂಜಿನ್‌ನಲ್ಲಿ ಅದೇ ರಾಡಿ ಬಿಟ್ಟರೆ ಉಪಯೋಗವಿಲ್ಲ, ಬ್ಲಾಕ್ ಮತ್ತು ರೇಡಿಯೇಟರ್ ಕೂಡ ತೊಳೆಯಿರಿ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ ಇಳಿಸಿ. ಆಮೇಲೆ ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲೆಂಟ್ ತುಂಬಿ. ಬಣ್ಣ ನೋಡಿ ಆರಿಸಬೇಡಿ, ಒಂದೇ ಬಣ್ಣದ ಎರಡು ಕಂಪನಿಯ ಕೂಲೆಂಟ್ ಬೇರೆ ಬೇರೆ ಜಾತಿಯದ್ದಾಗಿರಬಹುದು, ಬೆರೆತರೆ ಗಟ್ಟಿಯಾಗುವುದೂ ಉಂಟು. ಕೆಲವು ಡಬ್ಬಿಯಲ್ಲಿರುವುದು ನೇರ ಹಾಕುವಂಥದ್ದು, ಕೆಲವಕ್ಕೆ ನೀರು ಬೆರೆಸಬೇಕು, ಸಾಮಾನ್ಯವಾಗಿ ಅರ್ಧಕ್ಕರ್ಧ. ಹಳೇ ಮಾದರಿಯ ಹಸಿರು ಕೂಲೆಂಟ್ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ.

ತುಂಬುವಾಗ ಕಾರಿನ ಮೂತಿ ಸ್ವಲ್ಪ ಏರಿನಲ್ಲಿರಲಿ, ಹೀಟರ್ ಪೂರ್ತಿ ತೆರೆದಿರಲಿ. ನಿಧಾನವಾಗಿ ಸುರಿಯಿರಿ. ಎಂಜಿನ್ ಶುರು ಮಾಡಿ ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿರಿ, ಮಟ್ಟ ಇಳಿದ ಹಾಗೆ ಸೇರಿಸಿ, ಮುಚ್ಚಳ ಹಾಕಿ. ಮಾರನೇ ದಿನ ಎಂಜಿನ್ ತಣ್ಣಗಿದ್ದಾಗ ಇನ್ನೊಮ್ಮೆ ಮಟ್ಟ ನೋಡಿ.

ಹಳೇ ಕೂಲೆಂಟ್ ಬಗ್ಗೆ ಎಚ್ಚರ. ಬಹುತೇಕ ಕೂಲೆಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅಂಗಳದಲ್ಲೋ ಚರಂಡಿಯಲ್ಲೋ ಚೆಲ್ಲಬೇಡಿ, ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ. ಮುಚ್ಚಳವಿರುವ ಕ್ಯಾನ್‌ಗೆ ಹಾಕಿ, ಹೆಸರು ಬರೆದು, ಹಳೇ ಆಯಿಲ್ ತಗೊಳ್ಳುವ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಕೊಡಿ.

ಗಾಳಿ ಬರುವ ದಾರಿ

ನೀರಿನ ದಾರಿ ಸರಿಯಿದ್ದರೂ ಗಾಳಿ ಬರದಿದ್ದರೆ ಬಿಸಿ ನಿಮ್ಮವರೆಗೆ ಮುಟ್ಟುವುದಿಲ್ಲ. ಹೊರಗಿನ ಗಾಳಿ ಒಳಗೆ ಬರುವುದು ವೈಪರ್ ಕೆಳಗಿನ ಜಾಲರಿಯಿಂದ. ಮರದ ಕೆಳಗೆ ಗಾಡಿ ನಿಲ್ಲಿಸುವವರ ಕಾರಿನಲ್ಲಿ ಅಲ್ಲಿ ಎಲೆ, ಹೂವು, ಕಡ್ಡಿ ತುಂಬಿರುತ್ತದೆ. ಮಳೆಗಾಲಕ್ಕೆ ಮುಂಚೆ ಕೈ ಹಾಕಿ ತೆಗೆದುಬಿಡಿ. ಬಿಟ್ಟರೆ ಕೊಳೆತು ಗೊಬ್ಬರವಾಗಿ ನೀರು ಹೋಗುವ ತೂತನ್ನೂ ಮುಚ್ಚುತ್ತದೆ, ಮಳೆ ನೀರು ಒಳಗೆ ಬರುತ್ತದೆ.

ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಇದ್ದರೆ ವರ್ಷಕ್ಕೊಮ್ಮೆ ಬದಲಿಸಿ. ಕೆಲವು ಹಳೇ ಸಣ್ಣ ಕಾರುಗಳಲ್ಲಿ ಫಿಲ್ಟರ್ ಇರುವುದೇ ಇಲ್ಲ, ಧೂಳು ನೇರ ಬ್ಲೋವರ್ ಮೇಲೆ ಕೂರುತ್ತದೆ. ಇಲಿಗಳಿಗೂ ಇದು ಇಷ್ಟದ ಜಾಗ, ಬೆಚ್ಚಗೆ ಇರುತ್ತದೆ. ಫ್ಯಾನ್ ಹಾಕಿದಾಗ ಟರ್‌ರ್ ಅಂತ ಸದ್ದು ಬಂದರೆ ಎಲೆಯೋ ಇಲಿ ತಂದ ಕಾಗದವೋ ಸಿಕ್ಕಿರುತ್ತದೆ.

ಫ್ಯಾನ್ ಒಂದು, ಎರಡು, ಮೂರರಲ್ಲಿ ಓಡದೆ ನಾಲ್ಕರಲ್ಲಿ ಮಾತ್ರ ಜೋರಾಗಿ ಓಡುತ್ತಿದ್ದರೆ ಮೋಟರ್ ಚೆನ್ನಾಗಿದೆ, ವೇಗ ಕಡಿಮೆ ಮಾಡುವ ರೆಸಿಸ್ಟರ್ ಸುಟ್ಟಿದೆ. ಮೋಟರ್ ಬದಲಿಸಬೇಕು ಅಂದರೆ ಒಪ್ಪಬೇಡಿ.

ಸಿಹಿ ವಾಸನೆ ಬಂದರೆ

ಹೀಟರ್ ಹಾಕಿದಾಗ ಸಿಹಿ ವಾಸನೆ, ಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು, ಮುಂದಿನ ಸೀಟಿನ ಕಾಲಬುಡದಲ್ಲಿ ಅಂಟಂಟು ಒದ್ದೆ. ಇವು ಕೋರ್ ಸೋರುವ ಲಕ್ಷಣ. ಅದೇ ಜಾಗದಲ್ಲಿ ವಾಸನೆ ಇಲ್ಲದ ಬರೀ ನೀರು ಇದ್ದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿರಬೇಕು, ಅದು ಸುಲಭದ ಕೆಲಸ. ಕೋರ್ ಸೋರಿದರೆ ಬದಲಿಸಲೇಬೇಕು. ಬದಲಿಸುವವರೆಗೆ ಬೈಪಾಸ್ ಮಾಡಿಸಬಹುದು, ತಪ್ಪಲ್ಲ. ಮಾಡಿಸಿದ್ದು ನೆನಪಿರಲಿ, ಕಾರು ಮಾರುವಾಗ ಕೊಳ್ಳುವವರಿಗೂ ಹೇಳಿ.

ಲಡಾಖ್ ಕಡೆಗೋ, ಹಿಮ ಬೀಳುವ ದೇಶಕ್ಕೋ

ನಮ್ಮಲ್ಲಿ ಬರೀ ನೀರು ಹಾಕಿದರೆ ತುಕ್ಕು ಹಿಡಿಯುತ್ತದೆ, ಅಲ್ಲಿ ಎಂಜಿನ್ನೇ ಒಡೆಯಬಹುದು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಕಬ್ಬಿಣದ ಬ್ಲಾಕ್ ಕೂಡ ತಡೆಯುವುದಿಲ್ಲ. ಅರ್ಧಕ್ಕರ್ಧ ಬೆರೆಸಿದ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಲೇಹ್‌ಗೆ ಹೊರಡುವವರು ಟೈರ್ ನೋಡುವಷ್ಟೇ ಕಾಳಜಿಯಿಂದ ಇದನ್ನೂ ನೋಡಬೇಕು. ಕೆನಡಾ, ಅಮೆರಿಕದಲ್ಲಿ ಹಳೇ ಕಾರು ಕೊಂಡ ನಮ್ಮ ಹುಡುಗರಿಗೂ ಇದೇ ಮಾತು.

ಚಳಿಯಲ್ಲಿ ಎಂಜಿನ್ ಓಡಿಸಿಕೊಂಡು, ಹೀಟರ್ ಹಾಕಿಕೊಂಡು ಕಾರಿನಲ್ಲಿ ಮಲಗಬೇಡಿ. ಹಳೇ ಕಾರಿನ ಸೈಲೆನ್ಸರ್‌ನಲ್ಲಿ ತೂತಿದ್ದರೆ, ಅಥವಾ ಹಿಮ ಬಿದ್ದು ಅದರ ಬಾಯಿ ಮುಚ್ಚಿದರೆ, ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಬಿಸಿ ಮಾಡುವುದೂ ಅಷ್ಟೇ ಅಪಾಯ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಗಾಳಿಯಲ್ಲೇ ತಣಿಯುವ ಎಂಜಿನ್ ಇದ್ದರೆ ಇನ್ನೂ ಹುಷಾರು. ಅದರಲ್ಲಿ ಕೂಲೆಂಟ್ ಇಲ್ಲ, ಹೊಗೆ ಪೈಪ್ ಸುತ್ತ ಹಾಯ್ದ ಗಾಳಿಯೇ ಒಳಗೆ ಬರುತ್ತದೆ. ಆ ಪೈಪ್ ತುಕ್ಕು ತಿಂದಿದ್ದರೆ ಹೊಗೆಯೂ ಜೊತೆಗೆ ಬರುತ್ತದೆ. ಅದನ್ನು ಪ್ರತಿ ಚಳಿಗಾಲಕ್ಕೆ ಮುಂಚೆ ಗಾಡಿ ಎತ್ತಿಸಿ, ಕೆಳಗಿನಿಂದ ಬೆಳಕು ಬಿಟ್ಟು ನೋಡಿಸಿ.